ಸಾಲು ತಪ್ಪಿದ ನೇಗಿಲು

‘ಡೆಲಿರಿಯಂ’ ಅನ್ನೋ ಪದ ಹುಟ್ಟಿದ್ದು ಹೊಲದಲ್ಲಿ ಅಂದ್ರೆ ನಂಬ್ತೀರಾ?

ಲ್ಯಾಟಿನ್ ಭಾಷೆಯಲ್ಲಿ ‘ಲಿರಾ’ ಅಂದರೆ ಉಳುಮೆಯ ಸಾಲು. ‘ಡಿ’ ಅಂದರೆ ಅದನ್ನು ಬಿಟ್ಟು, ಅದರಿಂದಾಚೆ. ನೇಗಿಲು ಸಾಲು ತಪ್ಪಿ ಅಡ್ಡಾದಿಡ್ಡಿ ಹೋದರೆ ಅದು ‘ಡೆಲಿರಾರೆ’. ಆಮೇಲೆ ಮಾತು, ಬುದ್ಧಿ ದಾರಿ ತಪ್ಪಿದವರಿಗೂ ಅದೇ ಪದ ಅಂಟಿಕೊಂಡಿತು. ಯಾವ ಕಾಲದ ಯಾವ ರೈತನ ಹೋಲಿಕೆಯೋ, ನನಗಂತೂ ತುಂಬಾ ಹಿಡಿಸಿತು. ಯಾಕಂದ್ರೆ ಅದರಲ್ಲಿ ಎತ್ತೂ ಇದೆ, ನೇಗಿಲೂ ಇದೆ, ಹೊಲವೂ ಇದೆ. ಯಾವುದೂ ಕಳೆದುಹೋಗಿಲ್ಲ. ಸಾಲು ಮಾತ್ರ ತಪ್ಪಿದೆ. ಯಾಕೆ ತಪ್ಪಿತು ಅಂತ ನೋಡಿ ಎತ್ತನ್ನು ತಿರುಗಿಸಿ ತಂದರೆ ಮತ್ತೆ ಉಳಬಹುದು.

ಕನ್ನಡದಲ್ಲೂ ಇದಕ್ಕೆ ಪದ ಇದೆ: ಸನ್ನಿ. ‘ಸನ್ನಿ ಹಿಡಿದವರ ಥರ ಆಡಬೇಡ’ ಅಂತ ಬೈಸಿಕೊಳ್ಳದೆ ಬೆಳೆದವರು ನಮ್ಮಲ್ಲಿ ಕಡಿಮೆ. ‘ಬಾಣಂತಿ ಸನ್ನಿ’ ಅನ್ನೋ ಮಾತನ್ನೂ ಕೇಳಿರ್ತೀರಿ. ಇದರ ಪಕ್ಕದಲ್ಲೇ ಇನ್ನೊಂದು ಪದ ಇದೆ: ಅರಳು ಮರಳು. ಅರವತ್ತಕ್ಕೆ ಅರಳು ಮರಳು ಅಂತ ಗಾದೆಯೇ ಇದೆಯಲ್ಲ. ಸನ್ನಿ ಅಂದರೆ ಕಾಯಿಲೆಯ ಜೊತೆ ಥಟ್ಟನೆ ಬರೋದು. ಅರಳು ಮರಳು ಅಂದರೆ ವಯಸ್ಸಿನ ಜೊತೆ ನಿಧಾನಕ್ಕೆ ಬಂದು ಉಳಿದುಬಿಡೋದು. ಡಾಕ್ಟರುಗಳ ಭಾಷೆಯಲ್ಲಿ ಹೆಚ್ಚುಕಮ್ಮಿ ಮೊದಲನೆಯದು ಡೆಲಿರಿಯಂ, ಎರಡನೆಯದು ಡಿಮೆನ್ಶಿಯಾ. ನಮ್ಮ ಹಿರಿಯರು ಎರಡಕ್ಕೂ ಬೇರೆಬೇರೆ ಪದ ಇಟ್ಟಿದ್ದರು. ನಾವು ಮಾತ್ರ ಆಸ್ಪತ್ರೆಯ ಕಾರಿಡಾರಿನಲ್ಲಿ ನಿಂತಾಗ ಎರಡನ್ನೂ ಒಂದು ಮಾಡಿಬಿಡ್ತೀವಿ.

ಎಷ್ಟೋ ಮನೆಗಳಲ್ಲಿ ನಡೆಯೋ ಸಂಗತಿ ಇದು. ಎಪ್ಪತ್ತೈದು ದಾಟಿದ ಅಜ್ಜ. ಊರಲ್ಲಿ ದಿನಾ ಪೇಪರ್ ಓದಿಕೊಂಡು, ಹಾಲಿನ ಲೆಕ್ಕ ಬರೆದುಕೊಂಡು ಚೆನ್ನಾಗೇ ಇದ್ದವರು. ನ್ಯುಮೋನಿಯಾ ಅಂತಲೋ, ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರೀತು ಅಂತಲೋ ಆಸ್ಪತ್ರೆ ಸೇರ್ತಾರೆ. ಎರಡನೇ ರಾತ್ರಿ ಹೊತ್ತಿಗೆ ಮಗನ ಗುರುತು ಸಿಗೋದಿಲ್ಲ. ಎಂದೋ ತೀರಿಕೊಂಡ ಅಣ್ಣ ಮಂಚದ ತುದಿಯಲ್ಲಿ ಕೂತಿದ್ದಾನೆ ಅಂತಾರೆ. ಡ್ರಿಪ್ಪಿನ ಸೂಜಿ ಕಿತ್ತು ಬಿಸಾಕ್ತಾರೆ. ಬೆಳಿಗ್ಗೆ ನೋಡಿದರೆ ಏನೂ ಆಗದವರ ಹಾಗೆ ಕಾಫಿ ಕೇಳ್ತಾರೆ. ರಾತ್ರಿ ಮತ್ತೆ ಶುರು. ಮನೆಯವರು ಗಾಬರಿಯಾಗಿ ಕೇಳಿದರೆ ಯಾರೋ ಒಬ್ಬರು ಹೇಳೇ ಹೇಳ್ತಾರೆ, ‘ವಯಸ್ಸಾಯ್ತಲ್ಲ’ ಅಂತ.

‘ವಯಸ್ಸಾಯ್ತಲ್ಲ’ ಅನ್ನೋದು ರೋಗದ ಹೆಸರಲ್ಲ. ಮೊನ್ನೆಯವರೆಗೆ ಸರಿಯಿದ್ದವರಿಗೆ ಎರಡೇ ದಿನದಲ್ಲಿ ವಯಸ್ಸಾಗೋದಿಲ್ಲ. ಹಾಗಿದ್ದೂ ಈ ಉತ್ತರ ಎಲ್ಲರ ಬಾಯಿಗೆ ಹೇಗೆ ಬಂತು, ವೈದ್ಯಶಾಸ್ತ್ರ ಅದರಿಂದ ಹೇಗೆ ಹೊರಗೆ ಬಂತು ಅನ್ನೋದು ಎರಡೂವರೆ ಸಾವಿರ ವರ್ಷದ ಕಥೆ. ಸ್ವಲ್ಪ ಉದ್ದ ಇದೆ, ಪುರುಸೊತ್ತು ಮಾಡಿಕೊಂಡು ಓದಿ.

*

ಇದು ಹೊಸ ಕಾಯಿಲೆ ಏನಲ್ಲ. ಕ್ರಿಸ್ತಪೂರ್ವ 5ನೇ ಶತಮಾನದ ಹೊತ್ತಿಗೆ ಗ್ರೀಸಿನಲ್ಲಿ ಹಿಪೊಕ್ರೇಟಿಸ್ ಮತ್ತು ಅವನ ಶಿಷ್ಯರು ಇದನ್ನು ಕಣ್ಣಾರೆ ಕಂಡು ಬರೆದಿಟ್ಟಿದ್ದಾರೆ. ಜ್ವರದಲ್ಲಿರುವ ರೋಗಿ ಮುಖದ ಮುಂದೆ ಕೈಯಾಡಿಸ್ತಾ ಗಾಳಿಯಲ್ಲಿ ಏನನ್ನೋ ಹಿಡಿಯೋಕೆ ಹೋದರೆ, ಹೊದಿಕೆಯ ಎಳೆ ಕೀಳ್ತಾ ಇದ್ದರೆ, ಗೋಡೆಯಿಂದ ಹುಲ್ಲುಕಡ್ಡಿ ಆರಿಸ್ತಾ ಇದ್ದರೆ ಅದು ಕೆಟ್ಟ ಲಕ್ಷಣ, ಜೀವಕ್ಕೇ ಅಪಾಯ ಅಂತ ಅವರ ಎಚ್ಚರಿಕೆ. ಇವತ್ತು ಯಾವ ಊರಿನ ಜನರಲ್ ವಾರ್ಡಿಗೆ ರಾತ್ರಿ ಹೋದರೂ ಹೊದಿಕೆಯ ಅಂಚು ಎಳೀತಾ ಕೂತ ಅಜ್ಜ ಅಜ್ಜಿ ಕಾಣಿಸಬಹುದು.

ಗ್ರೀಕರು ಇದಕ್ಕೆ ಎರಡು ಹೆಸರು ಇಟ್ಟಿದ್ದರು. ಕೂಗಾಡೋದು, ನಿದ್ದೆಯಿಲ್ಲದೆ ಒದ್ದಾಡೋದು ‘ಫ್ರೆನೈಟಿಸ್’. ಮಂಕಾಗಿ ಬಿದ್ದಿರೋದು, ಕರೆದರೂ ಓಗೊಡದೆ ತೂಕಡಿಸೋದು ‘ಲೆಥಾರ್ಗಸ್’. ಒಂದು ಇನ್ನೊಂದಾಗಿ ಬದಲಾಗಬಹುದು ಅನ್ನೋದೂ ಹಳಬರಿಗೆ ಗೊತ್ತಿತ್ತು. ಈ ಎರಡನೆಯ ಮುಖವನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ.

ನಮ್ಮ ಕಡೆಯ ದಾಖಲೆಯೂ ಕಡಿಮೆಯಿಲ್ಲ. ‘ಸನ್ನಿ’ ಬಂದಿದ್ದು ‘ಸನ್ನಿಪಾತ’ದಿಂದ. ವಾತ, ಪಿತ್ತ, ಕಫ ಮೂರೂ ಒಟ್ಟಿಗೆ ಕೆಟ್ಟು ಬರುವ ಜ್ವರ ಅಂತ ಆಯುರ್ವೇದದ ಲೆಕ್ಕ. ಚರಕ ಸಂಹಿತೆಯಲ್ಲಿ ಈ ಜ್ವರದ ಲಕ್ಷಣಗಳಲ್ಲಿ ತೂಕಡಿಕೆ, ಭ್ರಮೆ, ಪ್ರಲಾಪ ಎಲ್ಲಾ ಬರುತ್ತೆ. ಸುಮಾರು 7ನೇ ಶತಮಾನದ ವಾಗ್ಭಟನಂತೂ ಅಷ್ಟಾಂಗಹೃದಯದಲ್ಲಿ ಇನ್ನೂ ಸೂಕ್ಷ್ಮವಾಗಿ ನೋಡಿದ್ದಾನೆ. ಹಗಲೆಲ್ಲಾ ಗಾಢ ನಿದ್ದೆ, ರಾತ್ರಿ ಎಚ್ಚರ. ಇಲ್ಲವೇ ಸದಾ ನಿದ್ದೆ, ಇಲ್ಲವೇ ನಿದ್ದೆಯೇ ಇಲ್ಲ. ಸುಮ್ಮಸುಮ್ಮನೆ ಹಾಡೋದು, ಕುಣಿಯೋದು, ನಗೋದು. ಹಗಲು ರಾತ್ರಿ ಅದಲುಬದಲಾಗೋದನ್ನು ಇವತ್ತಿನ ವೈದ್ಯಕೀಯ ಪುಸ್ತಕಗಳೂ ಡೆಲಿರಿಯಂನ ಮುಖ್ಯ ಲಕ್ಷಣ ಅಂತಲೇ ಹೇಳುತ್ತವೆ.

ಒಂದನೇ ಶತಮಾನದ ರೋಮಿನ ಸೆಲ್ಸಸ್ ಬರೆದಿರೋದರಲ್ಲಿ ನನಗೆ ತುಂಬಾ ಇಷ್ಟವಾದ ಒಂದು ಜಗಳ ಇದೆ. ಇಂಥ ರೋಗಿಗಳನ್ನು ಕತ್ತಲೆಯಲ್ಲಿ ಮಲಗಿಸಬೇಕು, ಶಾಂತವಾಗಿರ್ತಾರೆ ಅಂತ ಹಳೆಯ ವೈದ್ಯರು. ಕತ್ತಲೆಯೇ ಹೆದರಿಸುತ್ತೆ, ಬೆಳಕಲ್ಲಿ ಇಡಿ ಅಂತ ಅಸ್ಕ್ಲೆಪಿಯಾಡಿಸ್. ಸೆಲ್ಸಸ್ ತೀರ್ಪು ಏನು ಗೊತ್ತಾ? ಎರಡನ್ನೂ ಮಾಡಿ ನೋಡಿ, ಕತ್ತಲೆಗೆ ಹೆದರೋರನ್ನು ಬೆಳಕಲ್ಲಿಡಿ, ಬೆಳಕಿಗೆ ಹೆದರೋರನ್ನು ಕತ್ತಲಲ್ಲಿಡಿ. ರೋಗಿಯ ಸುತ್ತಲಿನ ಜಾಗವೂ ಅವನ ಬುದ್ಧಿಯ ಮೇಲೆ ಕೆಲಸ ಮಾಡುತ್ತೆ ಅನ್ನೋ ಯೋಚನೆ ಅಷ್ಟು ಹಿಂದೆಯೇ ಮೊಳಕೆ ಒಡೆದಿತ್ತು. ಅದು ಪೈರಾಗೋದಕ್ಕೆ ಇನ್ನೂ 1900 ವರ್ಷ ಹಿಡಿಯಿತು.

ಇಲ್ಲಿ ಒಂದು ಮಾತು. ಹಳಬರೆಲ್ಲರಿಗೂ ಇದು ಜ್ವರದ ಕೂಸು. ಮೈ ಸುಡ್ತಿದೆ, ಅದಕ್ಕೇ ಬಡಬಡಿಸ್ತಿದ್ದಾನೆ. ಆದರೆ ವಯಸ್ಸಾದವರ ದೇಹದಲ್ಲಿ ಸೋಂಕು ಇದ್ದರೂ ಎಷ್ಟೋ ಸಲ ಜ್ವರ ಏರೋದೇ ಇಲ್ಲ. ಮೂತ್ರದ ಸೋಂಕು, ನ್ಯುಮೋನಿಯಾ, ಕೆಲವೊಮ್ಮೆ ಹೃದಯಾಘಾತ ಕೂಡ ಮೊದಲು ಕಾಣಿಸಿಕೊಳ್ಳೋದು ಬುದ್ಧಿಯ ಗಲಿಬಿಲಿಯಾಗಿ. ಹಣೆ ಮುಟ್ಟಿ ನೋಡಿದರೆ ತಣ್ಣಗಿದೆ. ಜ್ವರ ಇಲ್ಲದ ಮೇಲೆ ಸನ್ನಿ ಹೇಗೆ? ಹಾಗಾದರೆ ಅರಳು ಮರಳೇ ಇರಬೇಕು. ನನಗನ್ನಿಸೋದು, 20ನೇ ಶತಮಾನದಲ್ಲಿ ಆಂಟಿಬಯೋಟಿಕ್ ಬಂದು ವಾರಗಟ್ಟಲೆ ಕಾಡ್ತಿದ್ದ ಜ್ವರಗಳು ಕಡಿಮೆಯಾದ ಮೇಲೆ ಎಳೆಯರಲ್ಲಿ ಸನ್ನಿ ಕಾಣೋದು ಅಪರೂಪವಾಯಿತು. ಪದ ಬೈಗುಳವಾಗಿ ಮಾತ್ರ ಉಳೀತು. ಹಿರಿಯರಿಗೆ ಬರೋ ಜ್ವರವಿಲ್ಲದ ಸನ್ನಿಗೆ ಹೆಸರೇ ಇಲ್ಲದ ಹಾಗಾಯಿತು.

*

ಮುಂದಿನ ದೊಡ್ಡ ಹೆಜ್ಜೆಗಳು 19ನೇ ಶತಮಾನದ ಯುರೋಪಿನಲ್ಲಿ. 1813ರಲ್ಲಿ ಇಂಗ್ಲೆಂಡಿನ ಥಾಮಸ್ ಸಟನ್ ‘ಡೆಲಿರಿಯಂ ಟ್ರೆಮೆನ್ಸ್’ ಅಂತ ಹೆಸರಿಟ್ಟ. ಕೈಕಾಲು ನಡುಗುವ ಈ ಥರದವರಿಗೆ ಆ ಕಾಲದ ಮಾಮೂಲಿ ಚಿಕಿತ್ಸೆಯಾದ ರಕ್ತ ತೆಗೆಯೋದರಿಂದ ಕೇಡಾಗುತ್ತೆ, ಅಫೀಮು ಕೊಟ್ಟು ಮಲಗಿಸಿದರೆ ಗುಣವಾಗುತ್ತೆ ಅಂತ ಅವನು ಗಮನಿಸಿದ್ದ. ಇದು ಹೆಂಡ ಕುಡಿಯುವವರಿಗೆ ಬರೋದು ಅಂತ ಆಮೇಲೆ ಸ್ಪಷ್ಟವಾಯಿತು. ಪ್ಯಾರಿಸ್ಸಿನ ದೊಡ್ಡ ಸರ್ಜನ್ ಡುಪುಯಿತ್ರೆನ್ 1830ರ ದಶಕದಲ್ಲಿ, ಆಪರೇಷನ್ ಆದವರಿಗೆ, ಗಾಯಗೊಂಡವರಿಗೆ ಜ್ವರವೇ ಇಲ್ಲದೆ ಇದು ಬರೋದನ್ನು ವಿವರಿಸಿದ. ಜ್ವರದ ಜೊತೆಗಿನ ಗಂಟು ಅಲ್ಲಿ ಸಡಿಲವಾಯಿತು.

20ನೇ ಶತಮಾನದ ಆರಂಭದಲ್ಲಿ ಬರ್ಲಿನ್ನಿನ ಕಾರ್ಲ್ ಬಾನ್‌ಹೋಫರ್ ಇದನ್ನೆಲ್ಲಾ ಒಂದು ಸೂತ್ರಕ್ಕೆ ತಂದ. ವಿಷ, ಸೋಂಕು, ಗಾಯ, ಹೊಟ್ಟೆಗಿಲ್ಲದಿರೋದು ಹೀಗೆ ಹೊರಗಿನ ಏಟು ನೂರು ಥರ ಇರಬಹುದು. ಮಿದುಳು ಅದಕ್ಕೆ ಕೊಡೋ ಪ್ರತಿಕ್ರಿಯೆ ಮಾತ್ರ ಬೆರಳೆಣಿಕೆಯಷ್ಟು ಥರದ್ದು. ಅಂದರೆ ರೋಗಿಯ ಮಾತು ಕೇಳಿ ಕಾರಣ ಹೇಳೋಕಾಗಲ್ಲ. ಕಾರಣ ಹುಡುಕಬೇಕು.

ಇದಕ್ಕೆ ನಮ್ಮ ಹಿತ್ತಲಲ್ಲೇ ಒಂದು ಉದಾಹರಣೆ ಇದೆ. ಉಮ್ಮತ್ತಿ ಗಿಡ ಗೊತ್ತಲ್ಲ, ದತ್ತೂರಿ? ಮುಳ್ಳುಕಾಯಿಯ, ಬಿಳಿ ಕಹಳೆ ಹೂವಿನ ಗಿಡ, ಶಿವನ ಪೂಜೆಗೆ ಬಳಸ್ತೀವಿ. ಉಮ್ಮತ್ತಿ ಅನ್ನೋ ಹೆಸರು ಬಂದಿದ್ದೇ ‘ಉನ್ಮತ್ತ’ದಿಂದ. ಇದರ ಬೀಜ ಹೊಟ್ಟೆಗೆ ಹೋದರೆ ಬಾಯಿ ಒಣಗುತ್ತೆ, ಕಣ್ಣಪಾಪೆ ಅಗಲವಾಗುತ್ತೆ, ಮೂತ್ರ ಕಟ್ಟಿಕೊಳ್ಳುತ್ತೆ, ಇಲ್ಲದ್ದೆಲ್ಲಾ ಕಾಣೋಕೆ ಶುರುವಾಗುತ್ತೆ. 19ನೇ ಶತಮಾನದಲ್ಲಿ ದಾರಿಹೋಕರಿಗೆ ಊಟದಲ್ಲಿ ಇದನ್ನು ಬೆರೆಸಿ ದೋಚುವ ಕಳ್ಳರಿದ್ದರು. ಭಾರತದಲ್ಲಿದ್ದ ಬ್ರಿಟಿಷ್ ವೈದ್ಯ ನಾರ್ಮನ್ ಚೀವರ್ಸ್ 1856ರ ತನ್ನ ನ್ಯಾಯವೈದ್ಯ ಪುಸ್ತಕದಲ್ಲಿ ಇಂಥ ಪ್ರಕರಣಗಳ ಬಗ್ಗೆ ಬರೆದಿದ್ದಾನೆ. ಉಮ್ಮತ್ತಿಯೊಳಗಿನ ಅಟ್ರೋಪಿನ್, ಸ್ಕೋಪೋಲಮೀನ್ ಮಾಡೋ ಕೆಲಸ ಇಷ್ಟೇ: ಗಮನ, ನೆನಪು ಎರಡಕ್ಕೂ ಬೇಕಾದ ಅಸಿಟೈಲ್‌ಕೋಲಿನ್ ಅನ್ನೋ ಮಿದುಳಿನ ರಾಸಾಯನಿಕದ ದಾರಿ ಕಟ್ಟೋದು.

ಗಿಡದ ಕಥೆ ಯಾಕೆ ಅಂದ್ರೆ, ಈ ದಾರಿಯನ್ನು ಅಷ್ಟಿಷ್ಟು ಕಟ್ಟುವ ಮಾತ್ರೆಗಳು ಪ್ರತಿ ಮೆಡಿಕಲ್ ಶಾಪಿನಲ್ಲೂ ಇವೆ. ನಿದ್ದೆ ಬರಿಸುವ ಹಳೇ ಥರದ ಅಲರ್ಜಿ, ನೆಗಡಿ ಮಾತ್ರೆಗಳು, ಪದೇಪದೇ ಮೂತ್ರಕ್ಕೆ ಹೋಗೋದನ್ನು ತಡೆಯುವ ಕೆಲವು ಮಾತ್ರೆಗಳು, ಹಳೇ ಕಾಲದ ಕೆಲವು ಖಿನ್ನತೆಯ ಔಷಧಿಗಳು. ನಮಗೆ ನಿಮಗೆ ಒಂದರಿಂದ ಏನೂ ಆಗಲಿಕ್ಕಿಲ್ಲ. ಎಂಬತ್ತರ ಅಜ್ಜಿಗೆ ಇಂಥವು ಎರಡು ಮೂರು ಒಟ್ಟಾದರೆ ಸಣ್ಣ ಪ್ರಮಾಣದ ಉಮ್ಮತ್ತಿ ಕೊಟ್ಟ ಹಾಗೇ.

*

ಕಾರಣ ನೂರು ಇರಬಹುದು, ಆದರೆ ಮಿದುಳಿನಲ್ಲಿ ನಿಜಕ್ಕೂ ಏನಾಗುತ್ತೆ? ಇದಕ್ಕೆ ಕೈಗೆ ಸಿಗೋ ಮೊದಲ ಸಾಕ್ಷಿ ತಂದುಕೊಟ್ಟವರು ಅಮೆರಿಕದ ಜಾರ್ಜ್ ಎಂಗೆಲ್ ಮತ್ತು ಜಾನ್ ರೊಮಾನೋ. 1940ರ ದಶಕದಲ್ಲಿ ಇವರು ಡೆಲಿರಿಯಂ ಇದ್ದವರ ಇಇಜಿ ತೆಗೆದು ನೋಡಿದರು. ಮಂಕು ಹೆಚ್ಚಿದಷ್ಟೂ ಅಲೆಗಳು ನಿಧಾನವಾಗ್ತಿದ್ದವು. ರೋಗಿ ಸುಧಾರಿಸಿದ ಹಾಗೆ ಅಲೆಗಳೂ ಚುರುಕಾಗ್ತಿದ್ದವು. ಅಂದರೆ ಇದು ರೋಗಿಯ ‘ನಾಟಕ’ವೂ ಅಲ್ಲ, ಮನಸ್ಸಿನ ಭ್ರಮೆ ಮಾತ್ರವೂ ಅಲ್ಲ, ಮಿದುಳು ಅನ್ನೋ ಅಂಗ ಸೋಲ್ತಾ ಇದೆ ಅಂತ ಕಾಗದದ ಮೇಲೆ ಗೆರೆಯಾಗಿ ಬಂತು.

1959ರಲ್ಲಿ ಇಬ್ಬರೂ ಸೇರಿ ಒಂದು ಪ್ರಬಂಧ ಬರೆದರು. ಅದರ ದೂರು ಏನಪ್ಪಾ ಅಂದರೆ, ಹೃದಯ ಸೋತರೆ, ಕಿಡ್ನಿ ಸೋತರೆ, ಲಿವರ್ ಸೋತರೆ ಡಾಕ್ಟರು ಓಡಿ ಬರ್ತಾರೆ; ಮಿದುಳು ಸೋತಾಗ ಮಾತ್ರ ಯಾಕೆ ಯಾರಿಗೂ ಆಸಕ್ತಿಯಿಲ್ಲ? ಪ್ರಶ್ನೆ ಚೆನ್ನಾಗಿತ್ತು. ಉತ್ತರ ಕೊಡೋರು ಇರಲಿಲ್ಲ. ಮಾನಸಿಕ ವೈದ್ಯರಿಗೆ ಇದು ದೇಹದ ಕಾಯಿಲೆ, ಫಿಜಿಶಿಯನ್ನರಿಗೆ ಇದು ತಲೆಯ ಕಾಯಿಲೆ. ನಮ್ಮ ಆಫೀಸುಗಳಲ್ಲಿ ಒಂದು ಬಗ್ ಎರಡು ಟೀಮುಗಳ ಮಧ್ಯೆ ವರ್ಷಗಟ್ಟಲೆ ಓಡಾಡುತ್ತಲ್ಲ, ಹಾಗೆ. 1960ರ ದಶಕದಲ್ಲಿ ಐಸಿಯುಗಳು ಬಂದವು. ಅಲ್ಲಿ ರೋಗಿಗಳು ಗಲಿಬಿಲಿಗೊಂಡಾಗ ‘ಐಸಿಯು ಸೈಕೋಸಿಸ್’ ಅಂತ ಹೆಸರಿಟ್ಟು, ಐಸಿಯು ಅಂದ್ಮೇಲೆ ಇದೆಲ್ಲಾ ಇದ್ದದ್ದೇ ಅಂತ ಸುಮ್ಮನಾದರು.

ಈ ಚದುರಿದ ಸಂಗತಿಗಳನ್ನೆಲ್ಲಾ ಒಟ್ಟಿಗೆ ತಂದವರು ಪೋಲೆಂಡಿನಿಂದ ವಲಸೆ ಹೋಗಿ ಕೆನಡಾ, ಅಮೆರಿಕಗಳಲ್ಲಿ ಕೆಲಸ ಮಾಡಿದ ಮನೋವೈದ್ಯ ಝ್ಬಿಗ್ನೀವ್ ಲಿಪೋವ್ಸ್ಕಿ. 1980ರಲ್ಲಿ ಡೆಲಿರಿಯಂ ಬಗ್ಗೆಯೇ ಒಂದು ಇಡೀ ಪುಸ್ತಕ ಬರೆದರು. ಅದೇ ವರ್ಷ ಅಮೆರಿಕದ ಮನೋವೈದ್ಯರ ಕೈಪಿಡಿ ಡಿಎಸ್‌ಎಂನ ಮೂರನೇ ಆವೃತ್ತಿ ಬಂತು, ಡೆಲಿರಿಯಂಗೆ ಖಚಿತ ಲಕ್ಷಣಪಟ್ಟಿ ಸಿಕ್ಕಿತು. ಗ್ರೀಕರ ಆ ಎರಡು ಮುಖಗಳು ನೆನಪಿದೆಯಾ? ಲಿಪೋವ್ಸ್ಕಿ ಅವನ್ನು ಮತ್ತೆ ಎತ್ತಿ ಹೇಳಿದರು. ಗಲಾಟೆಯದು ಒಂದು, ಮೌನದ್ದು ಒಂದು, ಎರಡೂ ಬೆರೆತದ್ದು ಇನ್ನೊಂದು. ಗಲಾಟೆ ಮಾಡೋ ರೋಗಿ ಎಲ್ಲರ ಕಣ್ಣಿಗೂ ಬೀಳ್ತಾನೆ. ಮೂಲೆಯ ಮಂಚದಲ್ಲಿ ಯಾರಿಗೂ ತೊಂದರೆ ಕೊಡದೆ ಮಂಕಾಗಿ ಮಲಗಿರೋ ಅಜ್ಜಿ ‘ಪಾಪ, ರೆಸ್ಟ್ ಮಾಡ್ತಿದ್ದಾರೆ’. ಹಿರಿಯರಲ್ಲಿ ಹೆಚ್ಚಾಗಿ ತಪ್ಪಿಹೋಗೋದು ಈ ಮೌನದ ಸನ್ನಿಯೇ.

*

ಈಗ ಕಥೆಯ ಮುಖ್ಯ ತಿರುವು. ಯೇಲ್ ವಿಶ್ವವಿದ್ಯಾಲಯದಲ್ಲಿದ್ದ ಡಾ. ಶಾರನ್ ಇನೌಯೆ ಮತ್ತು ತಂಡ 1990ರಲ್ಲಿ ಒಂದು ಚಿಕ್ಕ ಪರೀಕ್ಷೆ ಪ್ರಕಟಿಸಿದರು. ಮನೋವೈದ್ಯರೇ ಬೇಕಾಗಿಲ್ಲ, ತರಬೇತಿ ಪಡೆದ ಡಾಕ್ಟರು ಅಥವಾ ನರ್ಸು ಮಂಚದ ಪಕ್ಕ ಕೂತು ಕೆಲವೇ ನಿಮಿಷದಲ್ಲಿ ಮಾಡಬಹುದು. ನೋಡೋದು ನಾಲ್ಕು ವಿಷಯ:

1. ಬದಲಾವಣೆ ಥಟ್ಟನೆ ಬಂದಿದೆಯಾ? ಗಂಟೆಗಂಟೆಗೂ ಏರಿಳಿತ ಇದೆಯಾ?
2. ಗಮನ ನಿಲ್ಲುತ್ತಾ ಇಲ್ಲವಾ?
3. ಮಾತು, ಯೋಚನೆ ತಾಳತಪ್ಪಿದೆಯಾ?
4. ಎಚ್ಚರದ ಮಟ್ಟ ಬದಲಾಗಿದೆಯಾ? (ತೀರಾ ಚುರುಕು ಅಥವಾ ತೀರಾ ಮಂಕು)

1 ಮತ್ತು 2 ಇರಲೇಬೇಕು. ಜೊತೆಗೆ 3 ಅಥವಾ 4ರಲ್ಲಿ ಒಂದಾದರೂ ಇರಬೇಕು. ನಮ್ಮ ಕಸುಬಿನವರಿಗೆ ಇದು ಒಂದೇ ಸಾಲಿನ ಇಫ್ ಕಂಡೀಷನ್ :-) ಎರಡೂವರೆ ಸಾವಿರ ವರ್ಷ ವರ್ಣನೆಯಾಗಿದ್ದದ್ದು ಒಂದು ಲೆಕ್ಕವಾಯಿತು. ಎಣಿಸೋಕೆ ಬಂದ ಮೇಲೆ ಪ್ರಶ್ನೆಯೂ ಬದಲಾಯಿತು.

ಅಲ್ಲಿಯವರೆಗೆ ಎಲ್ಲರೂ ಕೇಳ್ತಿದ್ದ ಪ್ರಶ್ನೆ, ಈ ರೋಗಿಗೆ ಏನಾಗಿದೆ ಅಂತ. ಇನೌಯೆ ಅದರ ಜೊತೆಗೆ ಇನ್ನೊಂದು ಕೇಳಿದರು: ಈ ರೋಗಿಗೆ ನಾವು ಏನು ಮಾಡ್ತಾ ಇದ್ದೀವಿ?

1993ರ ಅಧ್ಯಯನದಲ್ಲಿ ಅವರು ನೋಡಿದ್ದು ಆಸ್ಪತ್ರೆಗೆ ಬರುವಾಗಲೇ ಹಿರಿಯರು ಹೊತ್ತುಕೊಂಡು ಬರುವ ಅಪಾಯಗಳನ್ನು. ನಾಲ್ಕು ಎದ್ದು ಕಂಡವು: ಕಣ್ಣು ಮಂದವಾಗಿರೋದು, ಕಾಯಿಲೆ ತೀವ್ರವಾಗಿರೋದು, ಮೊದಲೇ ನೆನಪಿನ ಶಕ್ತಿ ಕುಗ್ಗಿರೋದು, ಮೈಯಲ್ಲಿ ನೀರಿನಂಶ ಕಡಿಮೆಯಿರೋದು.

1996ರ ಅಧ್ಯಯನ ಆಸ್ಪತ್ರೆ ಸೇರಿದ ಮೇಲೆ ಆಗೋದನ್ನು ನೋಡಿತು. ಅಲ್ಲಿ ಸಿಕ್ಕ ಐದು ಕಾರಣಗಳನ್ನು ನಿಧಾನವಾಗಿ ಓದಿ. ಕೈಕಾಲು ಕಟ್ಟಿಹಾಕೋದು: ಅಪಾಯ 4.4 ಪಟ್ಟು. ಪೋಷಣೆ ಸಾಲದಿರೋದು: 4.0 ಪಟ್ಟು. ಮೂರಕ್ಕಿಂತ ಹೆಚ್ಚು ಹೊಸ ಔಷಧಿ ಸೇರಿಸೋದು: 2.9 ಪಟ್ಟು. ಮೂತ್ರದ ಕ್ಯಾತಿಟರ್: 2.4 ಪಟ್ಟು. ಚಿಕಿತ್ಸೆಯಿಂದಲೇ ಆದ ಯಾವುದಾದರೂ ತೊಂದರೆ: 1.9 ಪಟ್ಟು.

ಐದೂ ಆಸ್ಪತ್ರೆಯ ಒಳಗೆ ನಡೆಯೋ ವಿಷಯಗಳು! ಗಲಾಟೆ ಮಾಡ್ತಾರೆ ಅಂತ ಕೈ ಕಟ್ಟಿದರೆ, ಕಟ್ಟಿದ್ದಕ್ಕೇ ಗಲಾಟೆ ಜಾಸ್ತಿಯಾಗಬಹುದು. ಅನುಕೂಲಕ್ಕೆ ಅಂತ ಹಾಕಿದ ಕ್ಯಾತಿಟರ್ ರೋಗಿಯನ್ನು ಮಂಚಕ್ಕೆ ಕಟ್ಟಿದ ಹಗ್ಗವೇ ಆಗಬಹುದು.

ಈ ಎರಡು ಪಟ್ಟಿಗಳ ಲೆಕ್ಕಾಚಾರ ಸರಳ. ಮೆಮೊರಿ ತುಂಬಾ ಖಾಲಿಯಿರೋ ಹೊಸ ಸರ್ವರ್ ಮೇಲೆ ಎಷ್ಟೇ ಲೋಡ್ ಹಾಕಿದರೂ ತಡೆದುಕೊಳ್ಳುತ್ತೆ. ಮೊದಲೇ ಅಂಚಿನಲ್ಲಿರೋ ಹಳೇ ಸರ್ವರ್ರಿಗೆ ಒಂದು ಸಣ್ಣ ಪ್ರೋಗ್ರಾಮ್ ಸಾಕು, ಕೂತುಬಿಡುತ್ತೆ. ಗಟ್ಟಿಮುಟ್ಟಾದ ನಲವತ್ತರವನಿಗೆ ಸನ್ನಿ ಹಿಡಿಸೋಕೆ ದೊಡ್ಡ ಏಟೇ ಬೇಕು. ಕಣ್ಣು ಕಿವಿ ಮಂದವಾದ ಎಂಬತ್ತೈದರ ಅಜ್ಜಿಗೆ ಒಂದು ನಿದ್ದೆ ಮಾತ್ರೆ ಸಾಕಾಗಬಹುದು. ಮಾತ್ರೆಗೆ ಮುಂಚೆ ಅಜ್ಜಿ ಸರಿಯಾಗಿದ್ದರು ಅನ್ನೋದನ್ನು ಮರೆತು ‘ವಯಸ್ಸಾಯ್ತಲ್ಲ’ ಅಂದರೆ, ಅರ್ಧ ಲೆಕ್ಕ ಬರೆದು ಉತ್ತರ ಹೇಳಿದ ಹಾಗೆ.

ಪಟ್ಟಿ ಸಿಕ್ಕಿತು. ಇನ್ನು ಅದರ ಮೇಲೆ ಕೆಲಸ ಮಾಡಿದರೆ ಸನ್ನಿ ತಡೆಯಬಹುದಾ? ಯೇಲ್‌ನ ಆಸ್ಪತ್ರೆಯಲ್ಲಿ 70 ದಾಟಿದ 852 ರೋಗಿಗಳ ಮೇಲೆ ನಡೆದ ಪ್ರಯೋಗ 1999ರಲ್ಲಿ ಪ್ರಕಟವಾಯಿತು. ಅರ್ಧದಷ್ಟು ಜನಕ್ಕೆ ಮಾಮೂಲಿ ಚಿಕಿತ್ಸೆ. ಉಳಿದವರಿಗೆ ಅದರ ಜೊತೆ ಇನ್ನೂ ಕೆಲವು. ಏನವು? ದುಬಾರಿ ಇಂಜೆಕ್ಷನ್ ಅಂದುಕೊಂಡ್ರಾ? ಇಲ್ಲ. ಇವತ್ತು ಯಾವ ವಾರ, ನಿಮ್ಮನ್ನು ನೋಡಿಕೊಳ್ಳೋರು ಯಾರು ಅಂತ ಬೋರ್ಡಿನಲ್ಲಿ ಬರೆದಿಡೋದು. ಕೂತು ಮಾತಾಡಿಸೋದು. ದಿನಕ್ಕೆ ಮೂರು ಸಲ ಎಬ್ಬಿಸಿ ಓಡಾಡಿಸೋದು. ಕನ್ನಡಕ ಕೊಡೋದು. ಕಿವಿಯ ಗುಗ್ಗೆ ತೆಗೆಸಿ, ಕೇಳೋ ಮಷೀನ್ ಹಾಕೋದು. ನೀರು ಕುಡಿಸೋದು. ರಾತ್ರಿ ನಿದ್ದೆ ಮಾತ್ರೆಯ ಬದಲು ಒಂದು ಲೋಟ ಬಿಸಿ ಹಾಲು, ಮೆಲ್ಲಗೆ ಸಂಗೀತ, ಬೆನ್ನು ನೀವೋದು. ಮಲಗಿದವರನ್ನು ಸುಮ್ಮಸುಮ್ಮನೆ ಎಬ್ಬಿಸದಿರೋದು.

ಮಾಮೂಲಿ ಗುಂಪಿನಲ್ಲಿ 15.0 ಶೇಕಡಾ ಜನಕ್ಕೆ ಸನ್ನಿ ಬಂತು. ಈ ಗುಂಪಿನಲ್ಲಿ 9.9 ಶೇಕಡಾ. ಬಿಸಿ ಹಾಲು, ಕನ್ನಡಕ, ಮಾತುಕತೆಯಿಂದ ಮೂರರಲ್ಲಿ ಒಂದು ಪಾಲು ತಪ್ಪಿತು. ಇನ್ನೊಂದು ಮಾತೂ ಆ ಅಧ್ಯಯನದಲ್ಲೇ ಇದೆ: ಒಮ್ಮೆ ಸನ್ನಿ ಬಂದವರಲ್ಲಿ ಅದರ ತೀವ್ರತೆಗೆ ಇದರಿಂದ ಹೆಚ್ಚೇನೂ ವ್ಯತ್ಯಾಸ ಆಗಲಿಲ್ಲ. ಬಂದ ಮೇಲೆ ಪರದಾಡೋದಕ್ಕಿಂತ ಬರದ ಹಾಗೆ ನೋಡಿಕೊಳ್ಳೋದರಲ್ಲೇ ಲಾಭ. 2001ರಲ್ಲಿ ಬಾಸ್ಟನ್ನಿನ ಎಡ್ವರ್ಡ್ ಮಾರ್ಕಾಂಟೋನಿಯೋ ತಂಡ ಸೊಂಟದ ಮೂಳೆ ಮುರಿದ 126 ಹಿರಿಯರಲ್ಲಿ ಇಂಥದ್ದೇ ಪ್ರಯತ್ನ ಮಾಡಿತು. ವೃದ್ಧರ ತಜ್ಞರು ದಿನಾ ಬಂದು ನೋವು, ನೀರು, ಊಟ, ಬೇಡದ ಔಷಧಿ ಎಲ್ಲಾ ನೋಡಿದರು. ಸನ್ನಿ 50 ಶೇಕಡಾದಿಂದ 32ಕ್ಕೆ ಇಳಿಯಿತು.

*

ಇಷ್ಟಾದರೂ ಎಲ್ಲರ ಕಣ್ಣು ತೆರೆಯಿತಾ ಅಂದ್ರೆ ಇಲ್ಲ. 2001ರಲ್ಲೇ ಇನೌಯೆ ತಂಡ ಇನ್ನೊಂದು ಲೆಕ್ಕ ಹಾಕಿತು. ಸಂಶೋಧಕರು ಗುರುತಿಸಿದ ಸನ್ನಿ ರೋಗಿಗಳಲ್ಲಿ ನರ್ಸುಗಳ ಗಮನಕ್ಕೆ ಬಂದವರು 31 ಶೇಕಡಾ ಮಾತ್ರ. ಯಾರದ್ದು ಹೆಚ್ಚು ತಪ್ಪಿಹೋಗಿತ್ತು ಅಂದರೆ, ಮೌನವಾಗಿದ್ದವರದ್ದು, 80 ದಾಟಿದವರದ್ದು, ಕಣ್ಣು ಮಂದವಾದವರದ್ದು, ಮೊದಲೇ ಡಿಮೆನ್ಶಿಯಾ ಇದ್ದವರದ್ದು. ಅಪಾಯ ಯಾರಿಗೆ ಜಾಸ್ತಿಯೋ ಅವರೇ ಕಣ್ಣಿಗೆ ಬೀಳೋದಿಲ್ಲ!

ಐಸಿಯು ಕಡೆಗೂ ಅದೇ ವರ್ಷ ಪರೀಕ್ಷೆ ಬಂತು. ವೆಸ್ಲಿ ಈಲಿ ತಂಡದವರು ಬಾಯಿಗೆ ನಳಿಕೆ ಹಾಕಿ ಮಾತಾಡೋಕಾಗದ ರೋಗಿಗಳಿಗೂ ಆಗೋ ಹಾಗೆ ಇನೌಯೆ ಪರೀಕ್ಷೆಯನ್ನು ಬದಲಾಯಿಸಿದರು. ನರ್ಸು ಹತ್ತು ಇಂಗ್ಲಿಷ್ ಅಕ್ಷರ ಓದ್ತಾರೆ, ‘ಎ’ ಬಂದಾಗಲೆಲ್ಲಾ ರೋಗಿ ಅವರ ಕೈ ಅಮುಕಬೇಕು. ಅಷ್ಟೇ. 2013ರಲ್ಲಿ ಇದೇ ಬಳಗ 821 ಐಸಿಯು ರೋಗಿಗಳ ಬಗ್ಗೆ ಬರೆಯಿತು: ಅವರಲ್ಲಿ 74 ಶೇಕಡಾ ಜನಕ್ಕೆ ಸನ್ನಿ ಬಂದಿತ್ತು. ವರ್ಷ ಕಳೆದ ಮೇಲೆ ಪರೀಕ್ಷಿಸಿದಾಗ ನಾಲ್ಕರಲ್ಲಿ ಒಬ್ಬರ ಬುದ್ಧಿಶಕ್ತಿ ಸೌಮ್ಯ ಆಲ್‌ಝೈಮರ್ಸ್ ಇದ್ದವರ ಮಟ್ಟದಲ್ಲಿತ್ತು. ಸನ್ನಿ ಎಷ್ಟು ದಿನ ಇತ್ತೋ ಅಷ್ಟು ಹೆಚ್ಚು ಹಾನಿ. ಸನ್ನಿ ಬಂದುಹೋಗುತ್ತೆ, ಅರಳು ಮರಳು ಉಳಿಯುತ್ತೆ ಅಂತ ಮೇಲೆ ಬರೆದೆನಲ್ಲ, ಆ ಗೆರೆ ಅಷ್ಟು ನೇರವಾಗಿಲ್ಲ. ತುಂಬಾ ದಿನ ಸಾಲು ತಪ್ಪಿದ ನೇಗಿಲು ಕೆಲವೊಮ್ಮೆ ಪೂರ್ತಿ ಹಿಂದಕ್ಕೆ ಬರೋದಿಲ್ಲ.

ಹಾಗಾದರೆ ಮಾತ್ರೆ ಕೊಡಬಹುದಲ್ಲ? ದಶಕಗಳ ಕಾಲ ಕೊಟ್ಟರು, ಹ್ಯಾಲೊಪೆರಿಡಾಲ್ ಅನ್ನೋದನ್ನು. 2018ರಲ್ಲಿ 566 ಐಸಿಯು ರೋಗಿಗಳ ಮೇಲೆ ನಡೆದ ದೊಡ್ಡ ಪ್ರಯೋಗದ ಫಲಿತಾಂಶ ಬಂತು. ಹ್ಯಾಲೊಪೆರಿಡಾಲ್ ಆಗಲಿ, ಜಿಪ್ರಸಿಡೋನ್ ಆಗಲಿ, ಸುಳ್ಳು ಔಷಧಿಗಿಂತ ಸನ್ನಿಯನ್ನು ಬೇಗ ಬಿಡಿಸಲಿಲ್ಲ. ತೀರಾ ಅಪಾಯದ ಹೊತ್ತಲ್ಲಿ ಡಾಕ್ಟರಿಗೆ ಔಷಧಿ ಬೇಕಾಗಬಹುದು, ಅದು ಅವರ ತೀರ್ಮಾನ. ಆದರೆ ಸನ್ನಿ ಬಿಡಿಸೋ ಮಾತ್ರೆ ಅಂತ ಇಲ್ಲ. ಕಾರಣ ಹುಡುಕಿ ಸರಿಪಡಿಸೋದೇ ಮದ್ದು.

ಕೊನೆಯ ಪಾಠ ಕಲಿಸಿದ್ದು ಕೋವಿಡ್. 2020ರಲ್ಲಿ ಅಮೆರಿಕದ ತುರ್ತು ವಿಭಾಗಗಳಿಗೆ ಬಂದ 817 ಹಿರಿಯ ಕೋವಿಡ್ ರೋಗಿಗಳಲ್ಲಿ 28 ಶೇಕಡಾ ಜನರಿಗೆ ಬರುವಾಗಲೇ ಸನ್ನಿ ಇತ್ತು. ಅವರಲ್ಲಿ 37 ಶೇಕಡಾ ಜನರಿಗೆ ಜ್ವರ, ಉಸಿರಾಟದ ತೊಂದರೆ ಥರದ ಮಾಮೂಲಿ ಲಕ್ಷಣಗಳೇ ಇರಲಿಲ್ಲ. ಜ್ವರವಿಲ್ಲದ ಸನ್ನಿ ಮತ್ತೆ ಬಂದು ಬಾಗಿಲು ತಟ್ಟಿತ್ತು. 2021ರಲ್ಲಿ 14 ದೇಶಗಳ 2088 ಕೋವಿಡ್ ಐಸಿಯು ರೋಗಿಗಳ ಅಧ್ಯಯನ ಬಂತು. ಬೆಂಜೊಡಯಜೆಪೀನ್ ಜಾತಿಯ ಮಂಪರು ಔಷಧಿ ಕೊಟ್ಟವರಲ್ಲಿ ಸನ್ನಿಯ ಅಪಾಯ 59 ಶೇಕಡಾ ಹೆಚ್ಚು. ಮನೆಯವರು ಬಂದು, ಅಥವಾ ವೀಡಿಯೋ ಕಾಲಿನಲ್ಲಾದರೂ, ಮಾತಾಡಿಸಿದವರಲ್ಲಿ 27 ಶೇಕಡಾ ಕಡಿಮೆ.

*

ಆ 27 ಶೇಕಡಾ ಓದಿದಾಗ ನನಗೆ ನಮ್ಮ ವಾರ್ಡುಗಳು ಕಣ್ಣ ಮುಂದೆ ಬಂದವು. ನಮ್ಮಲ್ಲಿ ರೋಗಿಯ ಜೊತೆ ಮನೆಯವರೊಬ್ಬರು ಇರಲೇಬೇಕು. ಮಂಚದ ಕೆಳಗೆ ಚಾಪೆ, ಫ್ಲಾಸ್ಕು, ಡಬ್ಬಿ, ಹೊದಿಕೆ. ಇದನ್ನು ನಾವು ಕಷ್ಟ ಅಂತಲೇ ಅಂದುಕೊಂಡಿದ್ದೀವಿ, ಕಷ್ಟ ಹೌದೂ ಹೌದು. ಆದರೆ ಯೇಲ್‌ನವರು ತರಬೇತಿ ಪಡೆದ ಸ್ವಯಂಸೇವಕರನ್ನು ಇಟ್ಟು ಮಾಡಿಸಿದ ಕೆಲಸಗಳಲ್ಲಿ ಮುಕ್ಕಾಲು ಪಾಲು ಆ ಚಾಪೆಯ ಮೇಲೆ ಕೂತವರ ಕೈಯಲ್ಲಿದೆ. ಹೆದರಬೇಡಿ, ನಾನಿಲ್ಲೇ ಇದ್ದೀನಿ, ಇದು ಆಸ್ಪತ್ರೆ, ಇವತ್ತು ಬುಧವಾರ ಅಂತ ಹೇಳೋದು. ಗಡಿಬಿಡಿಯಲ್ಲಿ ಮನೆಯಲ್ಲೇ ಬಿಟ್ಟುಬಂದ ಕನ್ನಡಕ, ಕಿವಿ ಮಷೀನ್, ಹಲ್ಲಿನ ಸೆಟ್ ತರಿಸೋದು. ಡಾಕ್ಟರು ಬೇಡ ಅಂದಿಲ್ಲದಿದ್ದರೆ ನೀರು ಕುಡಿಸೋದು, ಕೈ ಹಿಡಿದು ನಾಲ್ಕು ಹೆಜ್ಜೆ ನಡೆಸೋದು. ಹಗಲಲ್ಲಿ ಕಿಟಕಿಯ ಪರದೆ ಸರಿಸೋದು, ರಾತ್ರಿ ಮೊಬೈಲಿನ ಗದ್ದಲ ಕಡಿಮೆ ಮಾಡೋದು. ಮನೆಯಲ್ಲಿ ನುಂಗ್ತಿದ್ದ ಎಲ್ಲಾ ಮಾತ್ರೆಗಳ ಚೀಟಿ ಡಾಕ್ಟರ ಮುಂದಿಡೋದು.

ಎಲ್ಲಕ್ಕಿಂತ ದೊಡ್ಡದು, ಈ ಮನುಷ್ಯ ಮೊನ್ನೆ ಹೇಗಿದ್ದರು ಅಂತ ಗೊತ್ತಿರೋರು ವಾರ್ಡಿನಲ್ಲಿ ನಾವೊಬ್ಬರೇ. ಡ್ಯೂಟಿ ಡಾಕ್ಟರಿಗೆ ಅವರು ಸಿಕ್ಕಿರೋದೇ ಇವತ್ತು. ಇನೌಯೆ ಪಟ್ಟಿಯ ಮೊದಲನೇ ಪ್ರಶ್ನೆಗೆ ಉತ್ತರ ಇರೋದು ನಮ್ಮ ಹತ್ತಿರ. ‘ಇವರು ಹೀಗಿರಲಿಲ್ಲ, ಮೊನ್ನೆಯಿಂದ ಹೀಗಾಗಿದೆ, ಇದು ಡೆಲಿರಿಯಂ ಇರಬಹುದಾ, ಕಾರಣ ಏನಿರಬಹುದು?’ ಅಂತ ಕೇಳಬೇಕಾದವರು ನಾವು. ಅಜ್ಜಿ ಕೂಗಾಡ್ತಿದ್ದಾಗ ಹೇಗೂ ಕೇಳ್ತೀವಿ. ಯಾವತ್ತೂ ಇಲ್ಲದ ಹಾಗೆ ಸುಮ್ಮನೆ ಮಲಗಿಬಿಟ್ಟಾಗಲೂ ಕೇಳಬೇಕು.

ಬೆಂಗಳೂರಲ್ಲೋ, ಸಮುದ್ರದಾಚೆಯೋ ಕೂತು ಬ್ಲಾಗ್ ಬರೆಯೋ ನಮ್ಮಂಥವರ ಅಪ್ಪ ಅಮ್ಮ ಎಪ್ಪತ್ತರ ಹತ್ತಿರ ಬರ್ತಿದ್ದಾರೆ. ಒಂದಲ್ಲ ಒಂದು ರಾತ್ರಿ ಊರಿನಿಂದ ಫೋನ್ ಬರುತ್ತೆ. ಆ ಕಡೆಯಿಂದ ‘ವಯಸ್ಸಾಯ್ತಲ್ಲ’ ಅಂದರೆ ಅಲ್ಲಿಗೇ ಬಿಡಬೇಡಿ. ಹೋಗೋಕಾಗದಿದ್ದರೆ ವೀಡಿಯೋ ಕಾಲ್ ಹಾಕಿ ಮಾತಾಡಿಸಿ, ಅದಕ್ಕೂ ಲೆಕ್ಕ ಇದೆ ಅಂತ ಮೇಲೆ ಹೇಳಿದೆನಲ್ಲ.

ಒಂದು ಕೋರಿಕೆ. ನನಗೆ ಗೊತ್ತಿರೋದು ಸನ್ನಿ, ಬಡಬಡಿಕೆ, ಅರಳು ಮರಳು ಇಷ್ಟೇ. ಧಾರವಾಡದ ಕಡೆ, ಕರಾವಳಿಯಲ್ಲಿ, ಮಲೆನಾಡಲ್ಲಿ, ನಿಮ್ಮ ಮನೆಮಾತಿನಲ್ಲಿ ಇದಕ್ಕೆ ಏನಂತಾರೆ? ಅದರಲ್ಲೂ ಆ ಮೌನದ ಸನ್ನಿಗೆ ಯಾರಾದರೂ ಹೆಸರಿಟ್ಟಿದ್ದಾರಾ? ಗೊತ್ತಿದ್ದರೆ ಬರೆದು ತಿಳಿಸಿ. ಹೆಸರಿದ್ದರೆ ಕಣ್ಣಿಗೆ ಬೇಗ ಬೀಳುತ್ತೆ.